ಮನೆಯಲ್ಲೇ ಉಳಿದ ನಂಬರು

"ಹೊಸ ಫೋನ್ ತಗಂಡ್ ಹೋಗ್ಬ್ಯಾಡಿ ಅಂತ ಹೇಳಿದ್ದು ನಾನೇ ಮೇಡಂ. ಅದ್ರಾಗೆ ತಪ್ಪೇನೈತೆ?"

ರಂಗೇಶ್ ಗಾಜಿನ ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತಿದ್ದ. ಶಿರಾ ಬಸ್ ನಿಲ್ದಾಣದ ಹತ್ತಿರದ ಅವನ ಅಂಗಡಿಯಲ್ಲಿ ಒಂದು ಗೋಡೆಯ ತುಂಬ ಮೊಬೈಲ್ ಕವರುಗಳು, ಇನ್ನೊಂದು ಗೋಡೆಯ ಮೇಲೆ ಬ್ಯಾಂಕಾಕ್, ದುಬೈ, ಸಿಂಗಪುರದ ಬಣ್ಣದ ಚಿತ್ರಗಳು. ಫೋನ್ ಮಾರುವವನೂ ಅವನೇ, ಫಾರಿನ್ ಟೂರ್ ಕಳಿಸುವವನೂ ಅವನೇ.

ಮಧುಗಿರಿ ಠಾಣೆಯ ಸಬ್ ಇನ್‌ಸ್ಪೆಕ್ಟರ್ ವರಲಕ್ಷ್ಮಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಅವನು ತರಿಸಿದ ಟೀ ಮುಟ್ಟಿರಲಿಲ್ಲ.

"ತಪ್ಪು ಅಂತ ನಾನು ಹೇಳಲಿಲ್ಲ. ಯಾಕೆ ಹಾಗೆ ಹೇಳಿದಿರಿ ಅಂತ ಕೇಳಿದೆ."

ಇವನು ಕಳಿಸಿದ ತಂಡದ ಜೊತೆ ಥಾಯ್ಲೆಂಡ್ ನೋಡಲು ಹೋಗಿದ್ದ ಹಲ್ಲಿನ ಡಾಕ್ಟರ್ ಶಿವರಂಜನಿ, ತಂಡ ವಾಪಸು ಬಂದರೂ ತಾನು ಬಂದಿರಲಿಲ್ಲ. ಅವಳ ನಂಬರಿನಿಂದ ತಾಯಿಗೆ ಮೆಸೇಜು ಮಾತ್ರ ತಪ್ಪದೆ ಬರುತ್ತಿತ್ತು.

"ಎಲ್ಲಾರ್ಗೂ ಹೇಳೋದೇ ಮೇಡಂ," ಎಂದ ರಂಗೇಶ್. "ಹೊಸ ಫೋನ್‌ನಾಗೆ ಬ್ಯಾಂಕಿಂದು ಇರ್ತದೆ, ಫೋಟೋ ಇರ್ತದೆ. ಅಲ್ಲೆಲ್ಲೋ ಬೀಚಿನಾಗೆ ಕಳ್ಕಂಡ್ರೆ ಹೋಯ್ತು. ಮನೇಲಿ ಮೂಲೇಗ್ ಬಿದ್ದಿರೋ ಹಳೇದೊಂದು ತಗಂಡ್ ಹೋಗಿ, ಕಳ್ದೋದ್ರೂ ಸಂಕಟ ಇಲ್ಲ. ಊರಿನ ಸಿಮ್ ರೋಮಿಂಗ್ ಹಾಕಿದ್ರೆ ಜೇಬು ಖಾಲಿ. ಅಲ್ಲಿ ಇಳಿದ ಕೂಡ್ಲೆ ಟೂರಿಸ್ಟ್ ಸಿಮ್ ತಗಳ್ಳಿ. ವಾಟ್ಸಾಪ್ ಹಳೇ ನಂಬರ್‌ನಾಗೇ ನಡೀತದೆ. ಮನೆಯೋರ್ ಜೊತೆ ಅದ್ರಾಗೇ ಮಾತಾಡಿ. ಫ್ರೀ ವೈಫೈ ಸಿಕ್ತು ಅಂತ ಬ್ಯಾಂಕ್ ತೆಗೀಬ್ಯಾಡಿ. ಕಂಡಕಂಡ ಕಡೆ ಚಾರ್ಜಿಗೆ ಚುಚ್ಬ್ಯಾಡಿ. ಇಷ್ಟೇ."

ಈ ಭಾಷಣ ಅವನ ಬಾಯಲ್ಲಿ ಸವೆದು ನುಣ್ಣಗಾಗಿತ್ತು. ವರಲಕ್ಷ್ಮಿ ಅದು ಮುಗಿಯುವ ತನಕ ಕಾದಳು.

"ಡಾಕ್ಟರ್ ಊರಿನ ಸಿಮ್ ಏನು ಮಾಡಿದರು?"

"ಅವರ ಹಳೇ ಫೋನ್‌ಗೆ ಒಂದೇ ಸಿಮ್ ಜಾಗ. ಅದುಕ್ಕೆ ಊರಿಂದು ಹೊಸ ಫೋನ್‌ನಾಗೇ ಬುಟ್ಟು, ಮನೇಲಿ ಬೀರುನಾಗ್ ಇಡ್ತೀನಿ ಅಂದ್ರು. ಬೀಗ ಹಾಕಿ ಇಡಿ ಮೇಡಂ, ಓಟಿಪಿ ಎಲ್ಲಾ ಅದುಕ್ಕೇ ಬರೋದು ಅಂದೆ. ನಮ್ಮನೇಲಿ ಕಳ್ಳರಿಲ್ಲ ಬಿಡಿ ಅಂತ ನಕ್ಬುಟ್ರು."

"ಹಳೇ ಫೋನಿಗೆ ವಾಟ್ಸಾಪ್ ಹಾಕಿಕೊಟ್ಟವರು?"

"ನಾನೇ."

"ಅದನ್ನ ಇನ್ನೊಬ್ಬರು ಎಳ್ಕೊಳ್ಳದ ಹಾಗೆ ಆರಂಕಿ ಪಿನ್ ಹಾಕಬಹುದಲ್ಲ. ಹಾಕಿಸಲಿಲ್ವಾ?"

ರಂಗೇಶನ ಮುಖ ಸಣ್ಣದಾಯಿತು. ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಜಯಣ್ಣನನ್ನು ಒಮ್ಮೆ ನೋಡಿದ.

"ಎಲ್ಲಾರ್ಗೂ ಹಾಕ್ಸಿದ್ದೀನಿ ಮೇಡಂ. ಅವರೊಬ್ಬರ್ದೇ ಬಿಟ್ಟೋಯ್ತು. ಪಿನ್ ಹಾಕೋ ಹೊತ್ತಿಗೆ ಅವರಣ್ಣ ಆಚೆ ಕಾರ್‌ನಾಗೆ ಒಂದೇ ಸಮ ಹಾರನ್ ಹೊಡೀತಿದ್ರು. ಬಂದೆ ಬಂದೆ ಅಂತ ಎದ್ದೋದ್ರು. ಆಮೇಲ್ ಹಾಕ್ಕಂತಾರೆ ಅಂತ ನಾನೂ ಸುಮ್ಕಾದೆ."

"ಅಂದರೆ ಊರಿನ ಸಿಮ್ ಯಾರ ಕೈಲಿದೆಯೋ ಅವರು ಆ ವಾಟ್ಸಾಪ್ ತಮ್ಮ ಕೈಗೆ ತಗೋಬಹುದು."

"ತಗಬೋದು."

"ನೀವೂ ತಗೋಬಹುದಿತ್ತು."

"ನನ್ ಕೈಲಿ ಸಿಮ್ ಎಲ್ಲೈತೆ ಮೇಡಂ? ಬಿಲ್ಕುಲ್ ಇಲ್ಲ! ಬೇಕಾದ್ರೆ ಅಂಗಡಿ ಪೂರ್ತಿ ಜಾಲಾಡ್ಬುಡಿ." ಅವನ ದನಿ ಏರಿತು. ಪಕ್ಕದ ಹೋಟೆಲಿನಿಂದ ಯಾರೋ ಇಣುಕಿದರು. "ವಾಪಸ್ ಬರೋ ವಿಮಾನದಾಗೆ ಅವರ ಸೀಟು ಖಾಲಿ ಬಂತು. ನಂಗೆ ಗೊತ್ತಿರೋದು ಅಷ್ಟೇ. ನನ್ ಟೂರಿನ ಹೆಸರೇ ಹಾಳಾಗ್ತಾ ಐತೆ. ನಂಗೇನು ಲಾಭ ಹೇಳಿ?"

ವರಲಕ್ಷ್ಮಿ ಎದ್ದಳು. ಅವನು ಹೆದರಿದ್ದ. ಹೆದರಿದವರೆಲ್ಲ ತಪ್ಪಿತಸ್ಥರಲ್ಲ ಎಂಬುದು ಅವಳಿಗೆ ಗೊತ್ತಿತ್ತು; ಆದರೂ ಅವನ ಹೆಸರನ್ನು ಅವಳು ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

ಜೀಪು ಊರು ದಾಟಿ ಮಧುಗಿರಿಯ ದಾರಿ ಹಿಡಿಯಿತು. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ವರಲಕ್ಷ್ಮಿ ತನ್ನ ಫೋನು ತೆಗೆದು, ಶಿವರಂಜನಿಯ ತಾಯಿ ದಾಕ್ಷಾಯಣಮ್ಮನವರ ವಾಟ್ಸಾಪ್ ಮಾತುಕತೆಯ ಫೋಟೋಗಳನ್ನು ಮತ್ತೆ ನೋಡಿದಳು.

ಪ್ರವಾಸದ ಮೊದಲ ದಿನದಿಂದ ಕೊನೆಯ ದಿನದವರೆಗೂ ಮಗಳು ತಾಯಿಗೆ ಒಂದಕ್ಷರ ಟೈಪು ಮಾಡಿರಲಿಲ್ಲ. ಎಲ್ಲವೂ ಧ್ವನಿ ಸಂದೇಶ. ದೋಣಿಯ ಸದ್ದು, ಗಾಳಿಯ ಸದ್ದು, ನಡುನಡುವೆ ನಗು. ತಾಯಿಗೆ ಕನ್ನಡಕವಿಲ್ಲದೆ ಓದಲಾಗದು ಎಂದು ಮಾಡಿಕೊಂಡ ಏರ್ಪಾಡು.

ತಂಡ ವಿಮಾನ ಹತ್ತಿದ ದಿನ, ಮಾತುಕತೆಯ ನಡುವೆ ಹಳದಿ ಪಟ್ಟಿಯಲ್ಲಿ ಒಂದು ಸಾಲು. ಈ ನಂಬರಿನ ಭದ್ರತಾ ಕೋಡ್ ಬದಲಾಗಿದೆ. ಯಾರೂ ಓದದ ಸಾಲು. ದಾಕ್ಷಾಯಣಮ್ಮನವರಂತೂ ಅದನ್ನು ಜಾಹೀರಾತು ಅಂದುಕೊಂಡಿದ್ದರು. ಆ ನಂಬರಿನ ವಾಟ್ಸಾಪ್ ಬೇರೊಂದು ಫೋನಿಗೆ ಹೋಗಿದೆ ಎನ್ನುವುದಕ್ಕೆ ಇದ್ದ ಗುರುತು ಅದೊಂದೇ.

ಅದರ ಕೆಳಗೆ ಧ್ವನಿಯೇ ಇರಲಿಲ್ಲ. ಎಲ್ಲವೂ ಟೈಪು ಮಾಡಿದ್ದು. "ಅಮ್ಮ ನಾನು ಚೆನ್ನಾಗಿದ್ದೇನೆ. ಗೆಳತಿಯ ಜೊತೆ ಒಂದು ವಾರ ಉಳಿಯುತ್ತೇನೆ. ಫೋನ್ ಮಾಡಬೇಡ, ತುಂಬಾ ದುಡ್ಡು ಹೋಗುತ್ತದೆ."

"ಅವರಣ್ಣ ಪ್ರಭುದೇವಪ್ಪ ಹುಡುಕಕ್ಕೆ ಅಂತ ಬ್ಯಾಂಕಾಕಿಗೆ ಹೋಗವ್ರಂತಲ್ಲ ಮೇಡಂ?" ಎಂದ ಜಯಣ್ಣ ಸ್ಟೇರಿಂಗ್ ತಿರುಗಿಸುತ್ತ.

"ಮೊನ್ನೆ ಹೊರಟರಂತೆ. ಮುಟ್ಟಿದೆ ಅಂತ ಮನೆಗೆ ಮೆಸೇಜು ಬಂದಿದೆ."

"ಪಾಪ, ಬಲಸಮುದ್ರದಾಗೆ ಸೋಲಾರ್ ಪ್ಯಾನಲ್ ತೊಳೆಯೋ ಕಾಂಟ್ರಾಕ್ಟು ಅವರ್ದೇ. ಕೆಲಸ ಬುಟ್ಟು ಓಡವ್ರೆ ನೋಡಿ, ತಂಗಿ ಅಂದ್ರೆ ಅಂಗಿರ್ಬೇಕು."

ಬಡವನಹಳ್ಳಿ ದಾಟುವಾಗ ವರಲಕ್ಷ್ಮಿಗೆ ಫೋನು ಬಂತು. ಕೊರಟಗೆರೆಯ ರಕ್ಷಾ. ಹೋಟೆಲಿನಲ್ಲಿ ಶಿವರಂಜನಿಯ ಜೊತೆ ಒಂದೇ ಕೋಣೆಯಲ್ಲಿದ್ದವಳು. ಪ್ರವಾಸದಿಂದ ಬಂದವಳೇ ಜ್ವರ ಹಿಡಿದು ತವರಿನಲ್ಲಿ ಮಲಗಿದ್ದರಿಂದ ಇಲ್ಲಿಯವರೆಗೂ ಸಿಕ್ಕಿರಲಿಲ್ಲ.

"ಮೇಡಂ, ಮಿಸ್ ಕಾಲ್ ಈಗ ನೋಡಿದೆ. ರಂಜನಿಯವರು ಇನ್ನೂ ಮನೆಗೆ ಬಂದಿಲ್ವಂತೆ?"

"ಗೆಳತಿ ಜೊತೆ ಅಲ್ಲೇ ಉಳಿದಿದಾರಂತೆ. ಆ ಗೆಳತಿ ಯಾರು?"

"ಯಾವ ಗೆಳತಿ? ಉಳ್ಕೊಂಡಿದಾರೆ ಅಂತ ಯಾರು ಹೇಳಿದ್ದು ಮೇಡಂ? ಅವರು ನಮಗಿಂತ ಮುಂಚೇನೇ ಊರಿಗೆ ಹೊರಟ್ರು."

ವರಲಕ್ಷ್ಮಿ ಕೈ ಸನ್ನೆ ಮಾಡಿದಳು. ಜಯಣ್ಣ ಜೀಪನ್ನು ಹುಣಸೆಮರದ ಕೆಳಗೆ ನಿಲ್ಲಿಸಿದ.

"ನಿಧಾನವಾಗಿ ಹೇಳಿ."

"ಕೊನೇ ದಿನ ಬೆಳಗ್ಗೆ ಯಾರದೋ ಫೋನ್ ಬಂತು. ಮಾತಾಡಿ ಬಂದವರೇ ಬಟ್ಟೆ ತುಂಬ್ಕೊಳ್ಳೋಕೆ ಶುರು ಮಾಡಿದ್ರು. ಮನೇಲಿ ಅರ್ಜೆಂಟು, ಅಣ್ಣ ಬೇರೆ ಟಿಕೆಟ್ ಮಾಡಿಸಿದಾರೆ, ಚೆನ್ನೈ ಮೇಲೆ ಹೋಗ್ತೀನಿ ಅಂದ್ರು. ಬೇರೆಯವರು ಯಾರೂ ಇನ್ನೂ ಎದ್ದಿರಲಿಲ್ಲ. ಅಮ್ಮಂಗೆ ಏನೋ ಆಗಿರಬೇಕು ಅಂತ ನಾನೂ ಜಾಸ್ತಿ ಕೇಳ್ಲಿಲ್ಲ."

"ಅವರ ಫೋನು ಕಳೆದುಹೋಗಿತ್ತಾ?"

"ಇಲ್ವಲ್ಲ. ಟ್ಯಾಕ್ಸಿ ಹತ್ತುವಾಗ ಕೈಲೇ ಇತ್ತು. ಕಿಟಕಿಯಿಂದ ನನ್ನ ಫೋಟೋನೂ ತೆಗೆದ್ರು."

ರಕ್ಷಾ ಅಳತೊಡಗಿದಳು. ವರಲಕ್ಷ್ಮಿ ಅವಳನ್ನು ಸಮಾಧಾನಪಡಿಸಿ ಫೋನು ಇಟ್ಟಳು. ವಿಮಾನ ನಿಲ್ದಾಣಗಳಿಗೆ ಕಳಿಸಿದ್ದ ವಿಚಾರಣೆಗೆ ಉತ್ತರ ಇನ್ನೂ ಬಂದಿರಲಿಲ್ಲ. ಅದೂ ಬೆಂಗಳೂರಿಗೆ ಮಾತ್ರ ಕೇಳಿದ್ದರು. ಚೆನ್ನೈ ಯಾರಿಗೂ ಹೊಳೆದಿರಲಿಲ್ಲ. ಶಿವರಂಜನಿ ಅಲ್ಲೇ ಉಳಿದಿದ್ದಾಳೆ ಅಂತ ಹೇಳಿದ್ದು ಆ ಟೈಪು ಮಾಡಿದ ಮೆಸೇಜುಗಳು ಮಾತ್ರ. ಅವುಗಳನ್ನು ಬರೆದವರು ಅವಳಲ್ಲ.

"ಮನೆಗೆ ಹೋಗೋಣ ಜಯಣ್ಣ," ಎಂದಳು.

ಕೋಟೆ ಬೆಟ್ಟದ ಬುಡದಲ್ಲಿ, ಅಗಲವಾದ ಜಗಲಿಯ ಹಳೆಯ ಮನೆ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ದಾಕ್ಷಾಯಣಮ್ಮ ಬಾಗಿಲಿಗೇ ಬಂದರು.

"ಬನ್ನಿ ತಾಯಿ. ಏನಾದರೂ ಗೊತ್ತಾಯ್ತಾ? ಪ್ರಭು ಅಲ್ಲಿಗೆ ಹೋಗಿ ಮುಟ್ಟಿದಾನೆ. ಇವತ್ತೋ ನಾಳೆಯೋ ಅವಳನ್ನ ಕರ್ಕೊಂಡೇ ಬರ್ತಾನೆ. ನನ್ನ ಮನಸ್ಸು ತಡೀದೆ ನಿಮಗೆ ಕಂಪ್ಲೇಂಟ್ ಕೊಟ್ಟೆ, ಅವನು ನನ್ನ ಮೇಲೆ ರೇಗಾಡಿದ."

"ಯಾಕೆ ರೇಗಿದರು?"

"ಮನೆ ವಿಷಯ ಬೀದಿಗೆ ಹಾಕಿದೆ ಅಂತ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಕೂತ್ಕೊಳ್ಳಿ, ಕಾಫಿ ತರ್ತೀನಿ. ಅನುಪಮಾ, ಮೇಡಮ್ಮೋರ ಹತ್ರ ಕೂತಿರಮ್ಮ."

ಪ್ರಭುದೇವಪ್ಪನ ಹೆಂಡತಿ ಅನುಪಮಾ ಬಂದು ಎದುರಿನ ಬೆಂಚಿನ ತುದಿಯಲ್ಲಿ ಕೂತಳು. ನಿದ್ದೆಗೆಟ್ಟ ಕಣ್ಣು. ಮಡಿಲಲ್ಲಿ ತನ್ನ ಫೋನನ್ನು ಮಗುಚಿ ಇಟ್ಟುಕೊಂಡಿದ್ದಳು.

"ಶಿವರಂಜನಿಗೆ ನೀವೆಲ್ಲ ಹೇಗೆ ಫೋನ್ ಮಾಡ್ತಿದ್ರಿ?"

"ವಾಟ್ಸಾಪಲ್ಲಿ ಮಾಡಿದ್ವಿ. ಎತ್ತಲಿಲ್ಲ. ಮೆಸೇಜ್ ಮಾತ್ರ ಹಾಕ್ತಾಳೆ."

"ಮಾಮೂಲಿ ಕಾಲ್?"

"ಅದು ಮಾಡಬಾರದು ಅಂತ ಅವಳೇ ಹೇಳಿದ್ಲು. ಫಾರಿನ್‌ಗೆ ಸಿಕ್ಕಾಪಟ್ಟೆ ಆಗುತ್ತಂತೆ. ಅತ್ತೆನೂ ಮಾಡಿಲ್ಲ."

ವರಲಕ್ಷ್ಮಿ ತನ್ನ ಫೋನು ತೆಗೆದಳು. ಶಿವರಂಜನಿಯ ಊರಿನ ನಂಬರನ್ನು ಒತ್ತಿ, ಕಿವಿಗಿಡದೆ ತೊಡೆಯ ಮೇಲೆ ಇಟ್ಟುಕೊಂಡಳು.

ಕ್ಷಣಕಾಲ ಏನೂ ಇಲ್ಲ. ಆಮೇಲೆ ಒಳಕೋಣೆಯಲ್ಲಿ ಗುಂಯ್ ಗುಂಯ್ ಎಂದು ಸದ್ದು. ಕಬ್ಬಿಣದ ಬೀರುವಿನೊಳಗೆ ಏನೋ ನಡುಗಿ, ತಗಡು ಅದರುತ್ತಿತ್ತು.

ಅನುಪಮಾ ಕೂತಲ್ಲೇ ಕಲ್ಲಾದಳು.

"ಸೈಲೆಂಟಲ್ಲಿ ಇಟ್ಟಿದ್ರೂ ವೈಬ್ರೇಶನ್ ಇರುತ್ತೆ," ಎಂದಳು ವರಲಕ್ಷ್ಮಿ. "ಹೋಗಿ ತಗೊಂಡು ಬನ್ನಿ. ನಿಮ್ಮತ್ತೆಗೆ ಕೇಳೋದು ಬೇಡ."

ಅನುಪಮಾ ಎದ್ದು ಹೋಗಿ, ಹೊಳೆಯುವ ಹೊಸ ಫೋನನ್ನು ತಂದು ಬೆಂಚಿನ ಮೇಲಿಟ್ಟಳು. ಪರದೆಯ ಮೇಲೆ ವರಲಕ್ಷ್ಮಿಯ ನಂಬರು ಇನ್ನೂ ಮಿನುಗುತ್ತಿತ್ತು.

"ಇದರಲ್ಲಿ ವಾಟ್ಸಾಪ್ ಹಾಕ್ಕೊಂಡವರು ನೀವು."

"ಹೌದು."

"ಅತ್ತೆಗೆ ಮಗಳ ಹೆಸರಲ್ಲಿ ಬರೆದವರೂ ನೀವೇ."

"ನಾನೇ." ಅವಳು ಮುಚ್ಚಿಡಲು ನೋಡಲಿಲ್ಲ. ಮಾತು ಒಮ್ಮೆಲೇ ನುಗ್ಗಿ ಬಂತು. "ಅವಳೇ ಬರಿ ಅಂದ್ಲು ಮೇಡಂ. ತಂಡ ಹೊರಟ ದಿನ ನನಗೆ ಥಾಯ್ಲೆಂಡ್ ನಂಬರಿಂದ ಮೆಸೇಜು ಬಂತು. ಫೋನು ಬೀಚಲ್ಲಿ ಕಳೆದುಹೋಯ್ತು, ಇದು ಹೊಸ ಟೂರಿಸ್ಟ್ ಸಿಮ್, ಒಂದು ವಾರ ಇಲ್ಲೇ ಇರ್ತೀನಿ, ಅಮ್ಮಂಗೆ ಗೊತ್ತಾದ್ರೆ ಬಿಪಿ ಏರುತ್ತೆ, ನನ್ನ ಮನೇಲಿರೋ ಫೋನಿಂದ ನಾನೇ ಬರೆದ ಹಾಗೆ ಬರಿ ಅಂತ. ರಾತ್ರಿ ನಮ್ಮವರು ಮನೆಗೆ ಬಂದಾಗ ತೋರಿಸಿದೆ. ಅಷ್ಟು ಮಾಡು, ಅಮ್ಮ ನೆಮ್ಮದಿಯಾಗಿರ್ತಾಳೆ ಅಂದ್ರು. ಬೀರು ಬೀಗದ ಕೈನೂ ಅವರೇ ಕೊಟ್ರು."

"ಅತ್ತೆ ಕಂಪ್ಲೇಂಟ್ ಕೊಟ್ಟಾಗಲೂ ನೀವು ಬಾಯಿ ಬಿಡಲಿಲ್ಲ."

"ಬಿಡಬೇಡ ಅಂದ್ರು. ನಾನೇ ಹೋಗಿ ಕರ್ಕೊಂಡು ಬರ್ತೀನಿ, ಅಲ್ಲಿಯವರೆಗೂ ಸುಮ್ನಿರು ಅಂದ್ರು."

"ಫೋನು ಕಳೆದಿರಲಿಲ್ಲ ಅನುಪಮಾ," ಎಂದಳು ವರಲಕ್ಷ್ಮಿ. ದನಿಯಲ್ಲಿ ಏರಿಳಿತವಿರಲಿಲ್ಲ. "ಜೊತೆಯವರು ಅವಳ ಕೈಯಲ್ಲೇ ನೋಡಿದಾರೆ. ಅವಳು ಅಲ್ಲಿ ಉಳೀಲೂ ಇಲ್ಲ. ತಂಡಕ್ಕಿಂತ ಮುಂಚೆ ವಿಮಾನ ಹತ್ತೋಕೆ ಹೊರಟಳು. ನಿಮಗೆ ಆ ಮೆಸೇಜು ಬರೆದಿದ್ದು ಯಾರು?"

"ಇಲ್ಲ ಇಲ್ಲ. ಅವಳೇ." ಅನುಪಮಾ ತನ್ನ ಫೋನನ್ನು ಗಡಿಬಿಡಿಯಿಂದ ತೆರೆದಳು. "ನನಗೂ ನಿನ್ನೆ ಅನುಮಾನ ಬಂತು. ನೀನು ಮಾತಾಡು, ಇಲ್ದಿದ್ರೆ ಅತ್ತೆಗೆ ಎಲ್ಲಾ ಹೇಳ್ಬಿಡ್ತೀನಿ ಅಂತ ಬರೆದೆ. ಸಂಜೆ ವಾಯ್ಸ್ ಕಳಿಸಿದ್ಲು. ನೋಡಿ, ಅದೇ ನಂಬರು."

ಅರವತ್ತಾರರಿಂದ ಶುರುವಾಗುವ ಥಾಯ್ಲೆಂಡಿನ ನಂಬರು. ಅದರಲ್ಲಿ ವಿಶೇಷವೇನೂ ಇಲ್ಲ. ಶಿವರಂಜನಿ ಅಲ್ಲಿ ಕೊಂಡಿದ್ದ ಸಿಮ್ಮಿನಲ್ಲಿ ಯಾರಾದರೂ ಒಮ್ಮೆ ವಾಟ್ಸಾಪ್ ತೆರೆದರೆ ಸಾಕು. ಆಮೇಲೆ ಫೋನು ಯಾವ ಊರಲ್ಲಿದ್ದರೂ ನಂಬರು ಅದನ್ನೇ ತೋರಿಸುತ್ತದೆ. ಬೆಂಚಿನ ಮೇಲಿದ್ದ ಹೊಸ ಫೋನು ಇಷ್ಟು ದಿನ ಮಾಡಿದ್ದೂ ಇದನ್ನೇ, ಉಲ್ಟಾ ಕಡೆಯಿಂದ.

ಅನುಪಮಾ ಒತ್ತಿದಳು. ಹೆಣ್ಣುದನಿ ಕೇಳಿತು. ದಣಿದ ದನಿ.

"ಅತ್ತಿಗೆ, ನಾನು ಚೆನ್ನಾಗಿದೀನಿ. ಇನ್ನು... ಎರಡು ದಿನ ಇಲ್ಲೇ ಇರ್ತೀನಿ. ಅಮ್ಮಂಗೆ ಏನೂ ಹೇಳಬೇಡಿ ಅತ್ತಿಗೆ."

"ಅವಳ ದನಿಯೇ?"

"ಅವಳದೇ." ಅಷ್ಟು ಹೇಳಿ ಅನುಪಮಾ ತಡೆದಳು. "ಆದ್ರೆ ಮೇಡಂ, ಅವಳು ನನ್ನನ್ನ ಅತ್ತಿಗೆ ಅಂತ ಯಾವತ್ತೂ ಕರೆದಿಲ್ಲ. ಇಬ್ಬರೂ ಒಂದೇ ವಯಸ್ಸು. ಅನೂ, ಬಾರೇ, ಹೋಗೇ ಅಂತಾಳೆ. ನಿನ್ನೆ ಕೇಳಿದಾಗ ಯಾರೋ ಪಕ್ಕದಲ್ಲಿ ಇದಾರೇನೋ ಅಂದ್ಕೊಂಡೆ."

"ಸರಿಯಾಗೇ ಅಂದ್ಕೊಂಡ್ರಿ."

ವರಲಕ್ಷ್ಮಿ ದನಿ ಪೂರ್ತಿ ಏರಿಸಿ ಮತ್ತೆ ಹಾಕಿದಳು. ಈ ಸಲ ಮಾತನ್ನು ಬಿಟ್ಟು, ಮಾತಿನ ಹಿಂದಿನದಕ್ಕೆ ಕಿವಿಗೊಟ್ಟಳು. ದೊಡ್ಡ ವಾಹನವೊಂದು ನಿಂತ ಸದ್ದು. ಬ್ರೇಕಿನ ಕಿರುಚಾಟ. ದೂರದಲ್ಲಿ ಒಬ್ಬ ಗಂಡಸು ಗಂಟಲು ಹರಿಯುವಂತೆ ಕೂಗುತ್ತಿದ್ದ.

"ಬಲಸಮುದ್ರಂ, ಬಲಸಮುದ್ರಂ! ದಿಗಂಡಮ್ಮಾ, ದಿಗಂಡಿ!"

ಅನುಪಮಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಪಾವಗಡದ ಕಡೆಯ ಬಸ್ಸಿನಲ್ಲಿ ಒಮ್ಮೆ ಕೂತವರಿಗೂ, ಇಳೀರಮ್ಮಾ ಇಳೀರಿ ಎನ್ನುವ ಕಂಡಕ್ಟರನ ಆ ತೆಲುಗು ಕೂಗು ಗೊತ್ತು.

"ಬ್ಯಾಂಕಾಕಲ್ಲಿ ಬಲಸಮುದ್ರದ ಬಸ್ಸು ನಿಲ್ಲಲ್ಲ," ಎಂದಳು ವರಲಕ್ಷ್ಮಿ. "ನಿನ್ನೆ ಸಂಜೆ ಅವಳು ಇಲ್ಲೇ ಇದ್ದಳು. ನಮ್ಮ ಜಿಲ್ಲೇಲೇ."

"ಅಲ್ಲಿ ನಮ್ಮವರ ಶೆಡ್ಡಿದೆ," ಅನುಪಮಾಳ ದನಿ ಕೇಳಿಯೂ ಕೇಳದಷ್ಟು ಮೆಲ್ಲಗಿತ್ತು. "ಬಸ್ ನಿಲ್ಲೋ ಜಾಗದ ಹಿಂದೇನೇ. ಪ್ಯಾನಲ್ ತೊಳೆಯೋ ಟ್ಯಾಂಕರ್ ನಿಲ್ಲಿಸ್ತಾರೆ. ಈಗ ಬೀಗ ಹಾಕಿರುತ್ತೆ ಮೇಡಂ. ಅವರು ಊರಲ್ಲೇ ಇಲ್ವಲ್ಲ."

"ಅವರನ್ನ ಏರ್‌ಪೋರ್ಟಿಗೆ ಬಿಟ್ಟು ಬಂದವರು ಯಾರು?"

"ಯಾರೂ ಇಲ್ಲ. ಕಾರು ಅವರೇ ಓಡಿಸ್ಕೊಂಡು ಹೋದ್ರು."

ವರಲಕ್ಷ್ಮಿ ಮೂರನೆಯ ಸಲ ಹಾಕಿದಳು. 'ಇನ್ನು' ಎಂಬ ಮಾತಿಗೂ 'ಎರಡು ದಿನ' ಎಂಬ ಮಾತಿಗೂ ನಡುವೆ ಶಿವರಂಜನಿ ತಡವರಿಸಿದ್ದಳು. ಆ ಸಂದಿಯಲ್ಲಿ, ಫೋನಿಗೆ ತೀರ ಹತ್ತಿರದಲ್ಲಿ, ಇನ್ನೊಂದು ಪಿಸುದನಿ ಇತ್ತು. ಗಂಡುದನಿ. ಪಾಠ ಒಪ್ಪಿಸುವವರಿಗೆ ನೆನಪು ಮಾಡಿಕೊಡುವ ಹಾಗೆ ಮೆಲ್ಲಗೆ ಹೇಳಿತ್ತು: "ಎರಡು ದಿನ ಅನ್ನು."

ಅನುಪಮಾ ಗೋಡೆಗೆ ಒರಗಿದಳು. ಕೇಳಬೇಕಾದ ಪ್ರಶ್ನೆಯನ್ನು ವರಲಕ್ಷ್ಮಿ ಕೇಳಲಿಲ್ಲ. ಅವಳ ಮುಖವೇ ಉತ್ತರ ಹೇಳಿತ್ತು.

"ಅಯ್ಯೋ, ಪ್ರಭು ದನಿ ಅಲ್ವೇನೇ ಅದು?"

ದಾಕ್ಷಾಯಣಮ್ಮ ಕಾಫಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವರ ಮುಖ ಅರಳಿತ್ತು.

"ಅದರಲ್ಲಿ ರಂಜನಿನೂ ಮಾತಾಡಿದ್ಲಲ್ಲ? ಅಣ್ಣಂಗೆ ತಂಗಿ ಸಿಕ್ಕಿದ್ಲೇನಮ್ಮ? ಇಬ್ಬರೂ ಒಟ್ಟಿಗೇ ಇದಾರಾ? ಇಷ್ಟು ಹೊತ್ತಾದ್ರೂ ನನಗ್ಯಾಕೆ ಹೇಳ್ಲಿಲ್ಲ?" ಅವರು ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಅನುಪಮಾಳ ಮರಗಟ್ಟಿದ ಕೈಯಿಂದ ಫೋನು ತೆಗೆದುಕೊಂಡರು.

"ಅಮ್ಮ, ಕೊಡಿ ಇಲ್ಲಿ," ಎಂದು ವರಲಕ್ಷ್ಮಿ ಏಳುವಷ್ಟರಲ್ಲಿ ಅವರ ಹೆಬ್ಬೆರಳು ಮೈಕಿನ ಗುರುತಿನ ಮೇಲಿತ್ತು. ಓದಲಾಗದ ಕಣ್ಣಿಗೂ ಆ ಗುರುತು ಚೆನ್ನಾಗಿ ಗೊತ್ತು.

"ಪ್ರಭೂ, ತಂಗಿ ಸಿಕ್ಕಿದ್ಲೇನಪ್ಪಾ? ನಿನ್ನ ದನಿ ಕೇಳಿಸ್ತು ಕಣೋ. ಮಧುಗಿರಿ ಸ್ಟೇಷನ್ ಮೇಡಮ್ಮೋರೂ ಇಲ್ಲೇ ಕೂತಿದಾರೆ, ಅವರೂ ಕೇಳಿದ್ರು. ನನ್ನ ಜೀವ ಬಂತಪ್ಪ. ಇಬ್ಬರೂ ಬೇಗ ಬನ್ನಿ."

ಬೆರಳು ಎತ್ತಿದರು. ಸಣ್ಣದಾಗಿ ಟುಕ್ ಎಂದು ಸಂದೇಶ ಹೊರಟಿತು.

ವರಲಕ್ಷ್ಮಿ ಫೋನನ್ನು ಕಸಿದುಕೊಂಡೇಬಿಟ್ಟಳು. ಅಳಿಸಲೆಂದು ಸಂದೇಶವನ್ನು ಒತ್ತಿ ಹಿಡಿದಳು. ಅಷ್ಟರಲ್ಲಿ ಅದರ ಪಕ್ಕದ ಎರಡು ಬೂದು ಗೀಟುಗಳು ನೀಲಿಯಾದವು. ಹಿಂದೆಯೇ ಮೈಕಿನ ಗುರುತೂ ನೀಲಿಯಾಯಿತು; ಆ ಕಡೆಯವರು ಅದನ್ನು ಕೇಳಿಯೂ ಆಗಿತ್ತು. ನೋಡುತ್ತಿದ್ದಂತೆಯೇ, ಆ ನಂಬರಿನ ಜೊತೆ ಇಷ್ಟು ದಿನ ಇದ್ದ ಶಿವರಂಜನಿಯ ನಗುಮುಖದ ಫೋಟೋ ಮಾಯವಾಗಿ, ಖಾಲಿ ವೃತ್ತವೊಂದು ಉಳಿಯಿತು. ಅನುಪಮಾಳ ನಂಬರನ್ನು ಆ ಕಡೆಯಿಂದ ಬ್ಲಾಕ್ ಮಾಡಿದ್ದರು.

"ಜಯಣ್ಣ, ಜೀಪು ತೆಗೀರಿ!" ಅವಳು ಜಗಲಿಯ ಕಡೆಗೆ ಕೂಗಿದಳು. "ಪಾವಗಡ ಸ್ಟೇಷನ್ನಿಗೆ ಫೋನ್ ಹಚ್ಚಿ. ಬಲಸಮುದ್ರಕ್ಕೆ ಅವರು ನಮಗಿಂತ ಮುಂಚೆ ಮುಟ್ಟಬೇಕು."

ದಾಕ್ಷಾಯಣಮ್ಮ ನಗುತ್ತಲೇ ಕಾಫಿ ಲೋಟ ಮುಂದೆ ಹಿಡಿದರು.

"ಕೇಳಿಸ್ಕೊಂಡ್ನಾ ತಾಯಿ?"

"ಕೇಳಿಸ್ಕೊಂಡ್ರು," ಎಂದಳು ವರಲಕ್ಷ್ಮಿ.